ಹಾತೆ

ಬೆಳಿಗ್ಗೆ ಎಂಟೂಕಾಲಿಗೆ ಗೂಡ್ಸ್ ಆಟೋದಿಂದ
ಮೊದಲು ಇಳಿದದ್ದು ರೆಕ್ಕೆ.
ಹಳೇ ಬೆಡ್‌ಶೀಟು ಸುತ್ತಿ, ಸೈಕಲ್ ಟ್ಯೂಬು ಬಿಗಿದು,
ಇಬ್ಬರು ಹೊತ್ತು ತಂದರು,
ಜೆಸಿಂತಾ, ಅವಳ ತಮ್ಮ ಆಲ್ವಿನ್.
ದುರ್ಗಿಗುಡಿಯ ನನ್ನ ಸ್ಟುಡಿಯೋ ಮೆಟ್ಟಿಲು
ಒಬ್ಬರೇ ಹತ್ತುವಷ್ಟು ಅಗಲ.
ಮದುವಣಗಿತ್ತಿಯರ ಸೆರಗು ಹತ್ತಿದೆ ಇಲ್ಲಿ,
ತೊಟ್ಟಿಲ ಕೂಸು ಹತ್ತಿದೆ,
ರೆಕ್ಕೆ ಇದೇ ಮೊದಲು.
ತಿರುವಿನಲ್ಲಿ ಸಿಕ್ಕಿಕೊಂಡಿತು.
"ಓರೆ ಮಾಡೋ, ಓರೆ" ಅಂದಳು,
ಸ್ಟ್ರೆಚರ್ ತಿರುಗಿಸಿ ಗೊತ್ತಿದ್ದವಳ ದನಿಯಲ್ಲಿ.

ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಾಳೆ,
ದೊಡ್ಡಾಸ್ಪತ್ರೆ, ಮೂಳೆ ವಾರ್ಡು.
ಇದಕ್ಕೆ ಕಾಸ್‌ಪ್ಲೇ ಅಂತಾರಂತೆ.
"ಕಾಸಿಗೂ ಅದಕ್ಕೂ ಸಂಬಂಧ ಇಲ್ಲ ಅಂಕಲ್,
ಇರೋ ಕಾಸು ಹೋಗತ್ತೆ, ಅಷ್ಟೆ."
ಯಾವ ಸಿನಿಮಾದ ವೇಷ ಎಂದೆ.
ಯಾವುದರದ್ದೂ ಅಲ್ಲ.
ಟೆಂಪರೇಚರ್ ಚಾರ್ಟಿನ ಹಿಂಬದಿಯಲ್ಲಿ
ಅವಳೇ ಗೀಚಿಕೊಂಡ ಗೆದ್ದಲ ರಾಣಿ.
ಎದೆಗವಚ ಯೋಗಾ ಮ್ಯಾಟು,
ಮೀಸೆ ಲೂನಾದ ಬ್ರೇಕ್ ವೈರು,
ನಡುವಿಗೆ ಎಂ-ಸೀಲಿನ ಮೂವತ್ತು ಹುರುಪೆ.
ಮುಖಕ್ಕೆ ಹುತ್ತದ ಬಣ್ಣ ಬಳಿದು ನಿಲ್ಲುವಷ್ಟರಲ್ಲಿ ಹನ್ನೊಂದು.

ಆಮೇಲೆ ಕೂರುವಂತಿಲ್ಲ. ಬಗ್ಗುವಂತಿಲ್ಲ.
ಚಾ, ಸ್ಟ್ರಾದಲ್ಲಿ.
ಬಾತ್‌ರೂಮಿಗೆಂದರೆ ನಲವತ್ತು ನಿಮಿಷ ಬಿಚ್ಚಬೇಕು,
ಅದಕ್ಕೇ ನಿನ್ನೆಯಿಂದ ನೀರು ಕಮ್ಮಿ.
ನರ್ಸಾಗಿ ಹೀಗಾ ಎಂದರೆ ಆಲ್ವಿನ್ ನಕ್ಕ.
ರಾಣಿ ನಗಲಿಲ್ಲ, ಗಲ್ಲ ಬಿರಿಯುತ್ತದೆ.

ನಡುನಡುವೆ ಗಿರಾಕಿಗಳು.
ಪಾಸ್‌ಪೋರ್ಟ್ ಸೈಜಿಗೆ ಬಂದ ಹೊಳೆಹೊನ್ನೂರಿನ ಮೇಷ್ಟ್ರು
ಪರದೆ ಸರಿಸಿ, "ಓ" ಎಂದು,
ವಾಪಸು ಹೋಗಿ ಚಪ್ಪಲಿ ಬಿಟ್ಟು ಬಂದರು.
ಯಾಕೆ ಬಿಟ್ಟರೋ.
ಅವಳೇ ಗೋಡೆಗೆ ಸರಿದು ನಿಂತು
ಅವರ ಕಾಲರ್ ಮಡಚಿದೆ ಅಂತ ಸನ್ನೆ ಮಾಡಿದಳು.

ಎರಡೂವರೆಗೆ ಕರೆಂಟು ಹೋಯಿತು.
ಮೊಣಕೈ ಹುರುಪೆ ಎರಡು ಸಲ ಕಳಚಿತು.
ಫೆವಿಕ್ವಿಕ್ಕು ಆಲ್ವಿನ್ನನ ಬೆರಳು ಹಿಡಿಯಿತು.
ಅಷ್ಟರಲ್ಲಿ ತೆಗೆದದ್ದು ಇನ್ನೂರು,
ಇನ್ನೂರರಲ್ಲೂ ವೇಷ ಹಾಕಿದ ನರ್ಸು.
ಅವಳು ಒಂದೊಂದೇ ನೋಡಿ ತಲೆಯಾಡಿಸಿದಳು:
"ಇದು ನಾನು. ಅವಳಲ್ಲ."

ಮೂವತ್ತೊಂದು ವರ್ಷದಿಂದ ನಾನು ಹೇಳುವುದು ಇಷ್ಟೇ:
ಗದ್ದ ಸ್ವಲ್ಪ ಎತ್ತಿ, ಇಲ್ಲಿ ನೋಡಿ, ರೆಡಿ.
ಗೆದ್ದಲಿಗೆ ಏನು ಹೇಳಬೇಕು?
ಬೇಜಾರಿಗೆ ದೊಡ್ಡ ಲೈಟನ್ನು ಕಾಲಲ್ಲಿ ನೂಕಿದೆ.
ಅದು ಉರುಳುತ್ತ ಹೋಗಿ ಅವಳ ಬೆನ್ನ ಹಿಂದೆ ನಿಂತಿತು.

ರೆಕ್ಕೆ ಹೊತ್ತಿಕೊಂಡಿತು.
ಅಲ್ಲಿಯ ತನಕ ಕಪ್ಪು ಪ್ಲಾಸ್ಟಿಕ್ ಅಂದುಕೊಂಡಿದ್ದೆ.
ಎಕ್ಸ್‌ರೇ. ಎಲ್ಲಾ ಎಕ್ಸ್‌ರೇ.
ಜನ ಮಂಚದ ಕೆಳಗೆ ಬಿಟ್ಟುಹೋದವು,
ಹೆಸರಿನ ಮೂಲೆ ಕತ್ತರಿಸಿ ಹೊಲಿದವು:
ಪಕ್ಕೆಲುಬು, ಮಂಡಿಚಿಪ್ಪು,
ಸ್ಕ್ರೂ ಬಿಗಿದ ಯಾರದೋ ತೊಡೆ,
ತುದಿಯಲ್ಲಿ ಒಂದು ಪುಟ್ಟ ಹಸ್ತ, ಟಾಟಾ ಮಾಡುವಂತೆ.
ಬಲಗಡೆ ಒಂದು ಹೆಗಲ ಮೂಳೆ,
ಮುರಿದು ಓರೆಯಾಗಿ ಕೂಡಿದ್ದು.
ನನ್ನದೂ ಹಾಗೇ, ಆಯನೂರು ಗೇಟಿನ ಹತ್ತಿರ
ಸ್ಕೂಟರಿನಿಂದ ಬಿದ್ದ ವರ್ಷ.
ಅದೇ ವಾರ್ಡು. ಫಿಲ್ಮು ಎಲ್ಲಿಟ್ಟೆನೋ.
ಕೇಳಲಿಲ್ಲ.
ಎಲ್ಲರ ಮೂಳೆಯೂ ಒಂದೇ ಥರ ಕಾಣುತ್ತದೆ.
"ಅಲ್ಲಾಡಬೇಡ" ಎಂದೆ. ಅವಳು ಅಲ್ಲಾಡಿರಲಿಲ್ಲ.
ಕಣ್ಣು ಅರೆ ತೆರೆದು, ನಿಂತಲ್ಲೇ, ನಿದ್ದೆ.
ಹದಿನಾಲ್ಕು ತೆಗೆದೆ.
ಎದ್ದು ನೋಡಿ, ಬಹಳ ಹೊತ್ತು ಬಿಟ್ಟು, "ಬಂದ್ಲು" ಅಂದಳು.

ಏಳಕ್ಕೆ ಬಿಚ್ಚಿದರು. ಎಂಟಕ್ಕೆ ಮತ್ತೆ ಡ್ಯೂಟಿ.
ಮಳೆ ಹಿಡಿಯುವ ಮುಂಚಿನ ಸಂಜೆಗಳಲ್ಲಿ
ಟ್ಯೂಬ್‌ಲೈಟಿಗೆ ಬಂದ ಹಾತೆಗಳು ಕಳಚಿದ ರೆಕ್ಕೆಯನ್ನು
ಮೊರದ ತುಂಬ ಗುಡಿಸಿದ್ದೇನೆ ನಾನು.
ಹುಳ ಎಲ್ಲಿ ಹೋಗತ್ತೆ ಅಂತ ಈಗ ಕೇಳಿದೆ.
"ನೆಲದೊಳಗೆ. ಕೆಲಸ ಇರತ್ತಲ್ಲ."

ಹೋಗುವ ಮುಂಚೆ, ಹೊಸ ಐಡಿ ಕಾರ್ಡಿಗೆ ಒಂದು ಫೋಟೋ.
ಬಿಳಿ ಪರದೆ. ಕಿವಿಯ ಹಿಂದೆ ಇನ್ನೂ ಹುತ್ತದ ಬಣ್ಣ.
ನಾಲ್ಕು ಸಲವೂ ಕಣ್ಣು ಮುಚ್ಚಿದಳು.
ಐದನೆಯದು ಪರವಾಗಿಲ್ಲ.

ದರಪಟ್ಟಿಯಲ್ಲಿ ರಾಣಿಗೆ ರೇಟಿಲ್ಲ,
ಎಂಟು ಪ್ರತಿಯ ದುಡ್ಡು ತಗೊಂಡೆ.
ಕೆಳಗೆ ತಿರುವಿನಲ್ಲಿ ಮತ್ತೆ ಸಿಕ್ಕಿಕೊಂಡ ಸದ್ದು.
"ಓರೆ ಮಾಡ್ರೋ, ಓರೆ!"
ಈ ಸಲ ನಾನೇ ಕೂಗಿದೆ.