ಉಳಿತಾಯದ ಪಾಲು

ಒಪ್ಪಂದದ ನಲವತ್ತೊಂದನೇ ಪುಟದಲ್ಲಿ ಇದ್ದದ್ದು ಇಷ್ಟೇ:
ಗುರಿವೆಚ್ಚಕ್ಕಿಂತ ಕಡಿಮೆಗೆ ಮುಗಿಸಿದರೆ
ಉಳಿದ ಪ್ರತಿ ರೂಪಾಯಿಯಲ್ಲಿ
ಅರವತ್ತು ಪೈಸೆ ಸೈನ್ಯಕ್ಕೆ, ನಲವತ್ತು ನಮಗೆ.
ಮೀರಿದರೂ ಅದೇ ಲೆಕ್ಕ, ಕೈಯಿಂದ ಕೊಡುವುದು.

ಹಾಸನದ ಕೈಗಾರಿಕಾ ಪ್ರದೇಶ, ತಗಡಿನ ಮಾಡಿನ ಶೆಡ್ಡು,
ಎಂಬತ್ತು ಹೊಲಿಗೆ ಯಂತ್ರ.
ಪ್ಯಾರಾಶೂಟಿನವರ ಮೈಗೆ ಬಿಗಿಯುವ ಪಟ್ಟಿ ನಮ್ಮಲ್ಲಿ ತಯಾರು.
ಗುರಿವೆಚ್ಚ ಬರೆದವನು ನಾನೇ.
ಧರಣೇಂದ್ರಯ್ಯನವರು ಕುರ್ಚಿಯ ಹಿಂದೆ ನಿಂತು
‘ನೂಲಿಗೆ ಇನ್ನೊಂಚೂರು ಹಾಕು, ವೇಸ್ಟೇಜಿಗೂ’ ಅಂದರು.
ಹಾಕಿದೆ.
ಮಂಡಿಯಲ್ಲಿ ಆಲೂಗಡ್ಡೆಯನ್ನು
ಮಣ್ಣು ಸಮೇತ ತೂಗಿದ ಹಾಗೆ.
ಆಮೇಲೆ ಮಣ್ಣು ಕೊಡವಿದ್ದಕ್ಕೆ
ಬಹುಮಾನ.

ಕತ್ತರಿ ಮೇಜಿನ ಮುಬೀನಾಗೆ ಈ ಪುಟ ಗೊತ್ತಿರಲಿಲ್ಲ.
ಒಂದು ದಿನ ಸುಮ್ಮನೆ ಕ್ರಮ ಬದಲಿಸಿದಳು:
ಮೊದಲು ಭುಜದ್ದು, ಆಮೇಲೆ ತೊಡೆಯದು,
ಉರುಳೆಯ ಬಾಲದಲ್ಲಿ ಎದೆಯ ಗಿಡ್ಡ ಪಟ್ಟಿ.
ಉರುಳೆಗೆ ಒಂದೂವರೆ ಮೊಳ ಉಳಿಯಿತು.
ಮಣ್ಣಲ್ಲ ಅದು, ಗಡ್ಡೆಯೇ.
ನನ್ನ ಪುಸ್ತಕದಲ್ಲಿ ಎರಡಕ್ಕೂ ಒಂದೇ ಕಲಂ.

ಅವಳಿಗೆ ಅರ್ಧ ಕೇಜಿ ಮೈಸೂರು ಪಾಕು ಸಿಕ್ಕಿತು.

ಮರುವರ್ಷ ದೆಹಲಿಯಿಂದ ಕಾಗದ:
ಇಷ್ಟು ಉಳಿಸಿದ್ದೀರಲ್ಲ, ಗುರಿಯನ್ನೇ ಇಳಿಸಿದ್ದೇವೆ.
ಧರಣೇಂದ್ರಯ್ಯ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.
‘ಜಾಣತನ ಕಂತಿನಲ್ಲಿ ತೋರಿಸಬೇಕು ಕಣಯ್ಯಾ.
ಆ ಹುಡುಗಿಗೆ ಹಳೇ ಥರಾನೇ ಕತ್ತರಿಸೋಕೆ ಹೇಳು.’

ಹೇಳಿದೆ.
ಕತ್ತರಿ ನಿಲ್ಲಿಸದೆ ನಕ್ಕಳು:
‘ಕೈಗೆ ಬಂದದ್ದು ಮರೆಯೋಲ್ಲ ಸಾರ್.
ಬೇಕಿದ್ರೆ ನೀವೇ ಮರ್ತ್ಕೊಳಿ.’

ಮರೆತಿದ್ದೇನೆ.
ಒಂದೂವರೆ ಮೊಳ ಈಗ ವೇಸ್ಟೇಜು. ಮುಂದಿನ ಒಪ್ಪಂದಕ್ಕೆ ಬೇಕಾದಾಗ
ನೆನಪಾಗುತ್ತದೆ, ಹೊಸದಾಗಿ ಕಂಡುಹಿಡಿದಂತೆ.

ಪರೀಕ್ಷೆಗೆ ಬಂದವರು ಪಟ್ಟಿಯನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದರು.
ಸಾವಿರ ಕಿಲೋ, ಸಾವಿರದೈನೂರು, ಎರಡು ಸಾವಿರ.
ಮುಳ್ಳು ನಡುಗಿತು, ಹೊಲಿಗೆ ಅಲುಗಲಿಲ್ಲ.
ಆ ದೇವರು ದೊಡ್ಡವನು, ಸುಳ್ಳು ನೂಲಿಗೆ ಇಳಿದಿಲ್ಲ,
ನನ್ನ ಮೇಜಿನ ಮೇಲೇ ಇದೆ.
ಆಕಾಶದಿಂದ ಯಾರೋ ಹುಡುಗ ಧುಮುಕುವಾಗ
ನಲವತ್ತೊಂದನೇ ಪುಟ ಅವನನ್ನು ಹಿಡಿಯುವುದಿಲ್ಲ,
ಹಿಡಿಯುವುದು ಅವಳ ಎದೆಪಟ್ಟಿ.

ಸಂಜೆ ಪಾಳಿ ಬಿಟ್ಟಾಗ
ಗೇಟಿನ ಜವರಪ್ಪ ಮುಬೀನಾಳ ಚೀಲ ಬಿಚ್ಚಿಸುತ್ತಾನೆ, ದಿನಾ:
ಟಿಫಿನ್ ಡಬ್ಬಿ, ಕೊಡೆ, ಮಗಳ ಟಾನಿಕ್ಕು.
ಒಂದು ತುಂಡು ಪಟ್ಟಿಯೂ ಇಲ್ಲ.

ಲೆಕ್ಕದ ಪುಸ್ತಕ ಕಂಕುಳಲ್ಲಿಟ್ಟು ಹೊರಟ ನನಗೆ
ಸೆಲ್ಯೂಟು.