ಹೊತ್ತಿಗೆ ಕಾಲಂ ಇಲ್ಲ

ತಡಿಯಂಡಮೋಳ್ ಬೆಟ್ಟವನ್ನು ನಾನು
ಇನ್ನೂರ ಹನ್ನೆರಡು ಚೌಕಗಳಾಗಿ ಕತ್ತರಿಸಿಟ್ಟಿದ್ದೇನೆ.
ಒಂದೊಂದಕ್ಕೂ ಬಿಸಿಲೆಷ್ಟು, ಮಳೆಯೆಷ್ಟು,
ತರಗೆಲೆಯಡಿ ತೇವ ಎಷ್ಟು ದಿನ ನಿಂತೀತು.
ಕಕ್ಕಬೆಯ ಈ ಬಾಡಿಗೆ ಕೋಣೆಯಲ್ಲಿ
ಕರೆಂಟು ಇದ್ದಷ್ಟು ಹೊತ್ತು
ವರ್ಷಗಳು ಓಡುತ್ತವೆ.
ಕಾಫಿ ಆರುವುದರೊಳಗೆ ಎರಡು ಸಾವಿರದ ಎಪ್ಪತ್ತು.

ಕಪ್ಪೆ ನನ್ನ ಹೆಬ್ಬೆರಳ ಉಗುರಿನಷ್ಟು.
ವಾಟೆಯ ಟೊಳ್ಳಿನಲ್ಲಿ ಮೊಟ್ಟೆ.
ನೀರಿಗಿಳಿಯದೆ, ಗೊದಮೊಟ್ಟೆಯಾಗುವ ಗೊಡವೆಯಿಲ್ಲದೆ
ಮರಿ ಕಪ್ಪೆಯಾಗಿಯೇ ಹೊರಬರುತ್ತದೆ.
ಎಂದೋ ಯಾವುದೋ ಅಜ್ಜಿಕಪ್ಪೆ
ಹೊಳೆಯ ಹಂಗು ಹರಿದುಕೊಂಡ ಕತೆ ಅದು;
ಎಷ್ಟು ಲಕ್ಷ ಮಳೆಗಾಲ ಹಿಡಿಯಿತೋ.
ನನ್ನ ಬಳಿ ಇರುವುದು ಐವತ್ತು ಚಿಲ್ಲರೆ.

ತಲೆಮಾರಿಗೆ ಎಷ್ಟು ಸೆಕೆ ತಡೆಯಲು ಕಲಿತೀತು?
ಆ ಖಾಲಿ ಮನೆಯಲ್ಲಿ ಒಂದು ದಶಮಾಂಶ ತುಂಬಿದೆ. ಊಹೆ.
ಚುಕ್ಕೆಯ ಪಕ್ಕ ಇನ್ನೊಂದು ಸೊನ್ನೆ ಒತ್ತಿದರೆ
ಸಂತತಿ ನಿರ್ನಾಮ;
ಅಳಿಸಿದರೆ ಬೆಟ್ಟದ ತುಂಬ ಟಿಕ್ ಟಿಕ್ ಟಿಕ್.
ಇಷ್ಟು ಅಧಿಕಾರ ನನಗೆ
ಮನೆಯಲ್ಲೂ ಯಾರೂ ಕೊಟ್ಟಿಲ್ಲ.

ಉಳಿದವು ಹತ್ತುತ್ತವೆ, ವರ್ಷಕ್ಕೆ ಮೂರು ಮಾರು, ನಾಲ್ಕು ಮಾರು,
ಹಸಿರು ಚೌಕದಿಂದ ಹಸಿರು ಚೌಕಕ್ಕೆ.
ಸಾವಿರದ ಏಳುನೂರ ನಲವತ್ತೆಂಟು ಮೀಟರಿಗೆ ಬೆಟ್ಟ ಮುಗಿಯುತ್ತದೆ.
ಅದರ ಮೇಲೆ ಚೌಕವಿಲ್ಲ. ಹುಲ್ಲು, ಗಾಳಿ,
ಯಾರೋ ಬಿಟ್ಟುಹೋದ ಚಿಪ್ಸ್ ಪೊಟ್ಟಣ.

ಕುಡಿಯರ ಬೊಳ್ಳಮ್ಮ ನಕಾಶೆಯನ್ನು ತಿರುಗಿಸಿ ಹಿಡಿದರು,
ತಮ್ಮ ಮನೆ ಕೆಳಗೆ ಬರುವ ಹಾಗೆ.
‘ಇಲ್ಲಿ ಯಾಕೆ ಬಿಳಿ?’
ಮೂವತ್ತೊಂದನೇ ಚೌಕ. ಕಾಫಿ ಕಣದ ಹಿಂದಿನ ವಾಟೆ ಮೆಳೆ.
ಅಲ್ಲಿ ಆಗಲೇ ಹೋಗಿಬಿಟ್ಟಿದೆ ಎಂದೆ,
ಮೂರು ಮಳೆಗಾಲ ಏಳರಿಂದ ಒಂಬತ್ತು ಕಿವಿಗೊಟ್ಟಿದ್ದೇವೆ.
ಅವರು ಮರಕೆಸದ ಎಲೆ ಸುರುಳಿ ಸುತ್ತುತ್ತಲೇ ಇದ್ದರು.
‘ನಿಮ್ಮ ಊಟದ ಹೊತ್ತಿಗೆ ಕಪ್ಪೆ ಕೂಗಬೇಕಾ?’

ಕಕ್ಕಡ ತಿಂಗಳ ಬೆಳಗಿನ ಜಾವ ನಾಲ್ಕು.
ಮಳೆ ನಿಂತರೂ ಮರ ಹನಿಯುತ್ತಿತ್ತು.
ಕಣದ ಸಿಮೆಂಟು ನಿನ್ನೆಯ ಬಿಸಿಲನ್ನು
ಆಗಷ್ಟೇ ಪೂರ್ತಿ ಬಿಟ್ಟುಕೊಟ್ಟಿತ್ತು; ಅಂಗಾಲಿಗೆ ತಣ್ಣಗೆ.
ಆಗ, ಬಿಳಿ ಚೌಕದ ನಡುವಿನಿಂದ,
ಟಿಕ್.
ಟಿಕ್ ಟಿಕ್.

ಎತ್ತರಕ್ಕೆ ಕಾಲಂ ಇದೆ, ಇಳಿಜಾರಿಗಿದೆ,
ನೆರಳಿಗೆ, ಮಣ್ಣಿಗೆ, ತಿಂಗಳಿಗೆ ಕೂಡ.
ಹೊತ್ತಿಗೆ ಇಲ್ಲ.
ಇದು ಬೆಟ್ಟ ಹತ್ತಲಿಲ್ಲ. ಸಂಜೆಯಿಂದ ನಸುಕಿಗೆ ಗುಳೆ ಬಂದಿದೆ,
ಇದ್ದಲ್ಲೇ ಇದ್ದುಕೊಂಡು.

ಖುಷಿಯಲ್ಲಿ ಪುಸ್ತಕ ತೆರೆದವಳು ಪೆನ್ನು ಹಿಡಿದು ನಿಂತೆ.
ಕೂಗುವುದು ಗಂಡು.
ಎಲ್ಲವೂ ಹೊತ್ತು ಬದಲಿಸಿದವೋ, ಇದೊಂದೇ ನಿದ್ದೆಗೆಟ್ಟಿದೆಯೋ,
ಕೇಳುವ ಹೆಣ್ಣು ಈ ಹೊತ್ತಿನಲ್ಲಿ ಎಚ್ಚರವಿದ್ದಾಳೋ.

ಬೊಳ್ಳಮ್ಮ ಟಾರ್ಚ್ ಆರಿಸಿದರು.
ಒಂದು ಜಿಗಣೆ ನನ್ನ ಮೊಣಕಾಲು ದಾಟಿ ಮೇಲೇರುತ್ತಿತ್ತು.
ಕೀಳಲಿಲ್ಲ. ಅಲುಗಿದರೆ ಅದು ಕೂಗು ನಿಲ್ಲಿಸೀತೆಂದು
ಇಬ್ಬರೂ ಹಾಗೇ ನಿಂತೆವು.