ಹದಿನೈದು

ಬಿದಿಯಾದಲ್ಲಿ ಟಾರು ಮುಗಿಯುವ ಕಡೆ
ಜುವೈನಾ ಇಳಿದಳು. ವಾಲ್ವಿಗೆ ಖರ್ಜೂರದ ಬೀಜ ಒತ್ತಿ
ನಾಲ್ಕೂ ಚಕ್ರದ ಉಸಿರು ಬಿಚ್ಚಿದಳು,
ಮೂವತ್ತೈದು ಬುಸ್ಸೆಂದು
ಹದಿನೈದಕ್ಕೆ ಕುಸಿಯುವ ತನಕ.

ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ:
ಗಾಳಿ ಕಡಿಮೆ, ಗಾಳಿ ಕಡಿಮೆ.
ಹೊಸ ಗಾಡಿ. ಮರಳು ಕಂಡಿಲ್ಲ, ಪಾಪ.
“ಗೊತ್ತು ಮಾರಾಯ, ನಾನೇ ಬಿಟ್ಟಿದ್ದು.”

ಹಿಂದೆ ಮೇವಿನ ಕಟ್ಟು, ನೀರಿನ ಪೀಪಾಯಿ, ತಂಗಿಯ ಎರಡು ಆಡು.
ಟೈರು ಒಂಟೆಯ ಅಂಗಾಲಿನ ಹಾಗೆ ಅಗಲವಾಗಿ
ಮರಳ ಮೇಲೆ ತೇಲಿತು.

ಮೂರನೇ ದಿಬ್ಬದ ನೆತ್ತಿಯಲ್ಲಿ
ಹಿಂದಿನ ಎಡಚಕ್ರ: ಹದಿಮೂರು.
ನೋಡುತ್ತಿದ್ದಂತೆ ಹನ್ನೆರಡು.
ದೀಪ ಮಾತ್ರ ಅದೇ ಹಳದಿ;
ಬಿಟ್ಟಿದ್ದಕ್ಕೂ ಸೋರಿದ್ದಕ್ಕೂ
ಅದರ ಬಾಯಲ್ಲಿ ಒಂದೇ ಮಾತು.

ಎಂಜಿನ್ ಆರಿಸಿ, ಮುಸುಕು ಸರಿಸಿ
ಚಕ್ರಕ್ಕೆ ಕಿವಿಯಿಟ್ಟಳು.
ಶ್, ಎಂದಳು ಆಡುಗಳಿಗೆ.

ಚಕ್ರವೂ ಶ್ ಎಂದಿತು.